ಶಾಲೆಗೆ ಒಡೆಯರಾರು?

ವಿದ್ಯಾಭ್ಯಾಸದ ಪ್ರಸ್ತಾಪವು ಬಂದಾಗಲೆಲ್ಲ ತಿಳಿದವರ ಗೋಷ್ಠಿಗಳಲ್ಲಿ ಒಂದು ಅಭಿಪ್ರಾಯವು ವಿಮರ್ಶೆಯೇ ಇಲ್ಲದೆ ಅಂಗೀಕೃತವಾಗುತ್ತಿರುವುದು. ಶಾಲೆಯೆಂಬುದು ಸರಕಾರವು ಪ್ರಜೆಗಳಿಗೆ ದಯಪಾಲಿಸುವ ವಸ್ತು. ಅದು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಭಾಷೆಯನ್ನು ಉಳಿಸುವುದೂ ಕಾಯಿದೆ, ಅಳಿಸುವುದೂ ಕಾಯಿದೆ: ಇದೇ ಆ ಅಭಿಪ್ರಾಯದ ಸಾರವು. ಕೇಳುವುದಕ್ಕೆ ಇದು ಯುಕ್ತವಾಗಿಯೇ ತೋರುವುದು. ಆದರೆ ಯುಕ್ತವಾಗಿ ತೋರುವುದೆಲ್ಲವೂ ಪ್ರಮಾಣಸಿದ್ಧವಲ್ಲ. ಇಂಥ ವಿಷಯದಲ್ಲಿ ತರ್ಕಕ್ಕಿಂತ ಚರಿತ್ರೆಯೇ ಬಲವಾದ ಸಾಕ್ಷಿ. ಅಮೆರಿಕಾ ಖಂಡದ ಕಾಡಿನಲ್ಲಿ ನೆಲೆಸಿದ ಒಂದು ಬಡ ಒಕ್ಕಲು ಸಮಾಜದ ಶಾಲೆಗಳ ಚರಿತ್ರೆಯು ಈ ಅಭಿಪ್ರಾಯವನ್ನು ಬುಡಸಹಿತ ಅಲುಗಿಸತಕ್ಕದ್ದಾಗಿದೆ. ಅದು ಮಿಸ್ಸೂರಿ ಸಂಸ್ಥಾನದ ಪೆರಿ ಕೌಂಟಿಯಲ್ಲಿ ನೆಲೆಸಿದ ಜರ್ಮನ್ ಲೂಥರಪಂಥೀಯರ ಸಭಾಶಾಲೆಗಳ ಚರಿತ್ರೆ. ಒಂದು ದೇವಾಲಯಕ್ಕೆ ಸೇರಿದ ಕುಟುಂಬಗಳ ಸಮೂಹವನ್ನು ಆ ಪಂಥದವರು ಸಭೆ ಎನ್ನುವರು. ಆ ಸಭೆಯು ತನ್ನ ಮಕ್ಕಳಿಗಾಗಿ ತಾನೇ ನಡೆಯಿಸುವ ಶಾಲೆಯೇ ಸಭಾಶಾಲೆ.

ಮೊದಲು ಇವರ ಮೂಲವನ್ನು ತಿಳಿಯಬೇಕು. ಲೂಥರನು 1524ರಲ್ಲಿ ಜರ್ಮನ್ ದೇಶದ ನಗರಸಭೆಗಳ ಸದಸ್ಯರೆಲ್ಲರನ್ನು ಉದ್ದೇಶಿಸಿ, ಶಾಲೆಗಳನ್ನು ಸ್ಥಾಪಿಸಿ ನಡೆಯಿಸಬೇಕೆಂದು ಬಹಿರಂಗಪತ್ರವನ್ನು ಬರೆದನು. 1530ರಲ್ಲಿ ಮಕ್ಕಳನ್ನು ಶಾಲೆ ಬಿಡಿಸದಂತೆ ತಂದೆತಾಯಿಗಳಿಗೆ ಇನ್ನೊಂದು ಉಪದೇಶವನ್ನು ಪ್ರಕಟಿಸಿದನು. ಇವುಗಳ ನಡುವೆ, 1529ರಲ್ಲಿ, ಮನೆಮನೆಯ ಬಾಲಕರೂ ಬಾಯಿಪಾಠ ಮಾಡಬಹುದಾದ ಪ್ರಶ್ನೋತ್ತರರೂಪದ ಧರ್ಮಗ್ರಂಥವನ್ನು ರಚಿಸಿದನು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಶಾಲೆಗಳನ್ನು ಸ್ಥಾಪಿಸುವ ಭಾರವನ್ನು ಆತನು ಹೊರಿಸಿದ್ದು ಅಧಿಕಾರಸ್ಥರ ಮೇಲೆ. ಆ ಪಂಥವನ್ನು ಅವಲಂಬಿಸಿದ ರಾಜ್ಯಗಳಲ್ಲಿ ಅರಸನೇ ದೇವಾಲಯಕ್ಕೂ ರಕ್ಷಕ, ಶಾಲೆಗೂ ರಕ್ಷಕ. ಸಾಕ್ಸನಿ ರಾಜ್ಯದಲ್ಲಂತೂ 1835ರ ಶಾಲಾ ಕಾಯಿದೆಯಿಂದ ಮಕ್ಕಳಿಗೆ ಎಂಟು ವರ್ಷಗಳ ವಿದ್ಯಾಭ್ಯಾಸವು ಕಡ್ಡಾಯವಾಯಿತು. ಹೀಗೆ ಶಾಲೆಯೆಂದರೆ ರಾಜ್ಯದ ಕೊಡುಗೆಯೆಂದು ನಂಬುವುದಕ್ಕೆ ಲೋಕದಲ್ಲಿ ಯಾರಿಗಾದರೂ ಕಾರಣವಿದ್ದರೆ ಅದು ಈ ಸಾಕ್ಸನಿಯವರಿಗೇ ಇದ್ದಿತು.

ಇಂಥ ನಾಡನ್ನು ತೊರೆದು, 1838ರ ನವೆಂಬರು ತಿಂಗಳಿನಲ್ಲಿ 650ಕ್ಕೂ ಮಿಕ್ಕ ಜನರು ಬ್ರೆಮೆನ್ ಪಟ್ಟಣದ ಬಂದರಿನಿಂದ ಐದು ಹಡಗುಗಳಲ್ಲಿ ಹೊರಟರು. ಡ್ರೆಸ್‌ಡೆನ್ ನಗರದ ಪಾದ್ರಿ ಮಾರ್ಟಿನ್ ಸ್ಟೆಫಾನನು ಅವರ ಮುಖಂಡ. ಅಂದಿನ ರಾಜ್ಯಾಶ್ರಿತ ಧರ್ಮಾಧಿಕಾರಿಗಳು ಶುದ್ಧವಾದ ಉಪದೇಶವನ್ನು ಕೈಬಿಟ್ಟರೆಂಬುದು ಅವರ ದೂರು. ಆಮಾಲಿಯ ಎಂಬ ಹಡಗು ಐವತ್ತಕ್ಕೂ ಹೆಚ್ಚು ಜನರೊಡನೆ ಸಮುದ್ರದಲ್ಲಿ ಕಾಣದಾಯಿತು. ಉಳಿದವರು ನ್ಯೂ ಆರ್ಲಿಯನ್ಸಿನಲ್ಲಿಳಿದು, ಮಿಸಿಸಿಪ್ಪಿ ನದಿಯ ಮೇಲೆ ಸೇಂಟ್ ಲೂಯಿಸಿಗೆ ಬಂದು, 1839ರಲ್ಲಿ ಪೆರಿ ಕೌಂಟಿಯ ನದೀತೀರದಲ್ಲಿ 4,000 ಎಕರೆಗೂ ಮಿಕ್ಕ ಭೂಮಿಯನ್ನು ಕೊಂಡರು. ವಿಟ್ಟೆನ್‌ಬೆರ್ಗ್, ಆಲ್ಟೆನ್‌ಬುರ್ಗ್, ಡ್ರೆಸ್‌ಡೆನ್, ಫ್ರೋನಾ, ಸೇಲಿಟ್ಸ್ ಎಂದು ಬಿಟ್ಟುಬಂದ ಊರುಗಳ ಹೆಸರುಗಳನ್ನೇ ಹೊಸ ಬೀಡುಗಳಿಗೆ ಇಟ್ಟರು. ಹೆಸರುಗಳು ಬಂದವು, ಹೊಲಗಳು ಬರಲಿಲ್ಲ. ಕಾಡು ಕಡಿಯುವುದನ್ನು ಅರಿಯದ ಕುಶಲಕರ್ಮಿಗಳೂ ಪದವೀಧರರೂ ಕೊಡಲಿ ಹಿಡಿಯಬೇಕಾಯಿತು. ಜ್ವರದಿಂದ ಬಹುಜನರು ಮೃತರಾದರು. ಸಾಮಾನ್ಯ ನಿಧಿಯು ಬರಿದಾಯಿತು. ಇಷ್ಟು ಸಾಲದೆಂಬಂತೆ, ಅವರು ಧರ್ಮಾಧ್ಯಕ್ಷನೆಂದು ಅಂಗೀಕರಿಸಿದ್ದ ಸ್ಟೆಫಾನನ ಮೇಲೆ ನಡತೆಯ ಮತ್ತು ಹಣದ ವಿಷಯದಲ್ಲಿ ಗುರುತರವಾದ ಆರೋಪಗಳು ಹೊರಿಸಲ್ಪಟ್ಟು, 1839ರ ಮೇ ತಿಂಗಳಿನ ಕೊನೆಯಲ್ಲಿ ಆತನನ್ನು ಪದಚ್ಯುತನನ್ನಾಗಿ ಮಾಡಿ, ನದಿಯ ಆಚೆಯ ದಡದ ಇಲ್ಲಿನಾಯ್ ಸೀಮೆಗೆ ಸಾಗಿಸಿದರು.

ಅರಸನಿಲ್ಲ, ಅಧ್ಯಕ್ಷನಿಲ್ಲ, ಹಣವಿಲ್ಲ. ಹೊಟ್ಟೆಗೆ ಸಾಲದು, ಮೈಗೆ ಜ್ವರ. ಇಂಥ ವರ್ಷದಲ್ಲಿ ಈ ಜನರು ಏನು ಮಾಡಿದರು? ಆ ವರ್ಷದ ಆಗಸ್ಟಿನಲ್ಲಿ ಸೇಂಟ್ ಲೂಯಿಸಿನ ಜರ್ಮನ್ ವರ್ತಮಾನಪತ್ರಿಕೆಯಲ್ಲಿ ತಾವು ವಿದ್ಯಾಶಾಲೆಯೊಂದನ್ನು ತೆರೆಯುವುದಾಗಿ ಪ್ರಕಟಣೆಯನ್ನು ಕೊಟ್ಟರು! ಬ್ರೋಮ್, ಫ್ಯೂರ್‌ಬ್ರಿಂಗರ್, ಬ್ಯೂಂಗರ್ ಎಂಬ ತರುಣ ಪಂಡಿತರೂ, ವಾಲ್ಥರ್ ಎಂಬ ತರುಣ ಪಾದ್ರಿಯೂ ಇದರ ಮುಖ್ಯ ಪ್ರವರ್ತಕರು. ಮರದ ದಿಮ್ಮಿಗಳಿಂದ ಒಂದೇ ಕೋಣೆಯ ಗುಡಿಸಲನ್ನು ಕಟ್ಟುವುದರಲ್ಲಿ ಪಂಡಿತರೂ ಕೈಹಚ್ಚಿದರು. 1839ರ ಡಿಸೆಂಬರು 9ರಂದು ಪಾಠವು ಪ್ರಾರಂಭವಾಯಿತು. ಆ ಗುಡಿಸಲು ಆಲ್ಟೆನ್‌ಬುರ್ಗಿನಲ್ಲಿ ಇಂದಿಗೂ ಸುರಕ್ಷಿತವಾಗಿರುವುದು; ಅದನ್ನು ನೋಡಿದವನಿಗೆ ಅಲ್ಲಿ ಹಸುಕರುಗಳನ್ನು ಕಟ್ಟುತ್ತಿದ್ದರೆಂದು ತೋರಬಹುದೇ ಹೊರತು ಗ್ರೀಕ್ ಭಾಷೆಯನ್ನು ಕಲಿಸುತ್ತಿದ್ದರೆಂದು ತೋರದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಮಿಸ್ಸೂರಿ ಸಂಸ್ಥಾನದ ಶಾಸನಸಭೆಯು ಸಾರ್ವಜನಿಕ ಶಾಲೆಗಳ ಏರ್ಪಾಡಿಗಾಗಿ ಕಾಯಿದೆಯನ್ನು ಮಾಡಿದ್ದೂ ಅದೇ 1839ರಲ್ಲಿಯೇ. ಕಾಯಿದೆಯು ಪುಸ್ತಕದಲ್ಲಿ ಎದ್ದಿತು. ಶಾಲೆಯು ಕಾಡಿನಲ್ಲಿ ಎದ್ದಿತು. ಎರಡರ ಹುಟ್ಟೂ ಒಂದೇ ವರ್ಷದ್ದಾದರೂ ಒಂದರಿಂದ ಇನ್ನೊಂದು ಹುಟ್ಟಲಿಲ್ಲ.

ಇಲ್ಲಿ ಪೂರ್ವಪಕ್ಷದವರು ಒಂದು ಆಕ್ಷೇಪವನ್ನು ತರುವರು. ಇದು ವಿದ್ಯಾಪ್ರೇಮವಲ್ಲ, ಕೇವಲ ಮತಾಭಿಮಾನ. ತಮ್ಮ ಪಂಥಕ್ಕೆ ಪಾದ್ರಿಗಳನ್ನು ತಯಾರಿಸುವುದಕ್ಕೂ ಮಕ್ಕಳನ್ನು ಬೇಲಿಯೊಳಗೆ ಕೂಡಿಹಾಕುವುದಕ್ಕೂ ಮಾಡಿಕೊಂಡ ಉಪಾಯವೆಂಬುದು ಅವರ ವಾದವು. ಮತಾಭಿಮಾನವಿತ್ತೆಂಬುದು ನಿಜ, ಅದನ್ನು ಅವರು ಮರೆಮಾಚಲೂ ಇಲ್ಲ. ಆದರೆ ಆ ಪ್ರಕಟಣೆಯಲ್ಲಿದ್ದ ಪಾಠಕ್ರಮವನ್ನು ನೋಡಿದವರು ‘ಕೇವಲ’ ಎಂಬ ಶಬ್ದವನ್ನು ಹಿಂತೆಗೆದುಕೊಳ್ಳಲೇಬೇಕು. ಧರ್ಮೋಪದೇಶದೊಡನೆ ಲ್ಯಾಟಿನ್, ಗ್ರೀಕ್, ಹೀಬ್ರೂ, ಜರ್ಮನ್, ಫ್ರೆಂಚ್, ಇಂಗ್ಲಿಷ್ ಎಂಬ ಆರು ಭಾಷೆಗಳು. ಚರಿತ್ರೆ, ಭೂಗೋಳ, ಗಣಿತ, ಪದಾರ್ಥವಿಜ್ಞಾನ, ಪ್ರಕೃತಿಶಾಸ್ತ್ರ, ತತ್ತ್ವಶಾಸ್ತ್ರದ ಪ್ರಥಮಪಾಠ, ಸಂಗೀತ, ಚಿತ್ರಲೇಖನ. ಮೊದಲ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳೂ ಇದ್ದರು. ಬೇಲಿ ಕಟ್ಟುವುದೊಂದೇ ಉದ್ದೇಶವಾಗಿದ್ದರೆ ಪ್ರಶ್ನೋತ್ತರಿಯೊಂದೇ ಸಾಕಾಗಿತ್ತು. ಫ್ರೆಂಚ್ ಭಾಷೆಯೂ ಚಿತ್ರಲೇಖನವೂ ಯಾವ ಬೇಲಿಗೆ ಬೇಕಾದ ಮುಳ್ಳುಗಳು? ಇಷ್ಟು ವಿಷಯಗಳನ್ನು ಕೆಲವೇ ಮಂದಿ ಉಪಾಧ್ಯಾಯರು ಪೂರ್ಣವಾಗಿ ಕಲಿಸಿದರೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಹಸಿದ ಸಮಾಜವು ತನ್ನ ಮಕ್ಕಳಿಗೆ ಯಾವುದನ್ನು ಬಯಸಿತೆಂಬುದು ಆ ಪಟ್ಟಿಯಿಂದ ಸ್ಪಷ್ಟವಾಗುವುದು.

ಮೇಲಣ ವಿದ್ಯೆಯ ಕಥೆ ಇದಾದರೆ, ಅಕ್ಷರಾಭ್ಯಾಸದ ಕಥೆಯು ಇನ್ನೂ ಸರಳವಾದದ್ದು. ಚಿಕ್ಕ ಸಭೆಗಳಲ್ಲಿ ಪಾದ್ರಿಯೇ ಉಪಾಧ್ಯಾಯ. ಭಾನುವಾರ ವೇದಿಕೆಯ ಮೇಲೆ ನಿಂತವನೇ ಸೋಮವಾರ ಹಲಗೆಯ ಮುಂದೆ ನಿಲ್ಲುವನು. ಸಭೆಯು ಬೆಳೆದು ಉಪಾಧ್ಯಾಯನನ್ನು ಕರೆಯಿಸುವ ಶಕ್ತಿಯು ಬಂದ ಕಡೆಗಳಲ್ಲಿ ಆ ಉಪಾಧ್ಯಾಯನೇ ದೇವಾಲಯದಲ್ಲಿ ವಾದ್ಯವನ್ನು ನುಡಿಸುವವನೂ ಹಾಡುಗಾರರ ಮೇಳವನ್ನು ನಡೆಯಿಸುವವನೂ ಆಗಿರುತ್ತಿದ್ದನು. ಬೈಬಲ್ಲಿನ ಕಥೆಗಳು, ಪ್ರಶ್ನೋತ್ತರಿ, ಕೀರ್ತನೆಗಳು, ಓದು, ಬರೆಹ, ಲೆಕ್ಕ: ಇಷ್ಟು ಪಾಠ. ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿ ಬಾಲಕನು ಸಭೆಯ ಮುಂದೆ ನಿಂತು, ಕಲಿತ ಧರ್ಮವನ್ನು ಒಪ್ಪಿಸಿ, ದೃಢೀಕರಣ ಸಂಸ್ಕಾರವನ್ನು ಪಡೆಯುವುದರೊಡನೆ ಶಾಲೆಯ ದಿನಗಳು ಮುಗಿಯುತ್ತಿದ್ದವು. ಪರೀಕ್ಷಾಧಿಕಾರಿಯು ಪರಸ್ಥಳದಿಂದ ಬರಬೇಕಾಗಿರಲಿಲ್ಲ, ಊರೇ ಪರೀಕ್ಷಾಧಿಕಾರಿ. ಕನ್ನಡನಾಡಿನ ಹಳೆಯ ಕೂಲಿಮಠಗಳ ನೆನಪುಳ್ಳ ಮನೆತನಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮಠದ ಅಯ್ಯನಿಗೂ ಊರೇ ಅನ್ನದಾತ, ಊರೇ ಸಾಕ್ಷಿ.

ಈ ಶಾಲೆಗಳು ಯಾವ ಹಕ್ಕಿನ ಮೇಲೆ ನಿಂತಿದ್ದವೆಂಬುದು 1841ರ ಏಪ್ರಿಲಿನಲ್ಲಿ ಆಲ್ಟೆನ್‌ಬುರ್ಗಿನಲ್ಲಿ ನಡೆದ ವಾದದಿಂದ ತಿಳಿಯುವುದು. ಅಧ್ಯಕ್ಷನು ಹೋದಮೇಲೆ ಅಲ್ಲಿಯ ಜನರನ್ನು ಘೋರವಾದ ಸಂದೇಹವೊಂದು ಮುತ್ತಿತು. ರಾಜಾಶ್ರಯವನ್ನು ಬಿಟ್ಟು, ಅಧ್ಯಕ್ಷನನ್ನೂ ಕಳೆದುಕೊಂಡ ಈ ಗುಂಪು ಇನ್ನೂ ಧರ್ಮಸಭೆಯೇ? ಪಾದ್ರಿಯನ್ನು ನೇಮಿಸುವ ಅಧಿಕಾರವು ಅದಕ್ಕುಂಟೇ? ಮಾರ್‌ಬಾಖ್ ಎಂಬ ನ್ಯಾಯವಾದಿಯು ಇಲ್ಲವೆಂಬ ಪಕ್ಷವನ್ನು ಹಿಡಿದನು. ವಾಲ್ಥರನು, ಉಪದೇಶವೂ ಸಂಸ್ಕಾರಗಳೂ ಇರುವಲ್ಲಿ ಸಭೆಯು ಇದ್ದೇ ಇರುವುದೆಂದೂ, ಆ ಸಭೆಗೇ ತನ್ನ ಸೇವಕರನ್ನು ಕರೆಯಿಸುವ ಅಧಿಕಾರವುಂಟೆಂದೂ ಸ್ಥಾಪಿಸಿದನು. ಒಕ್ಕಲಿಗರು ಇದನ್ನು ಕೇಳಿ ನೆಮ್ಮದಿಗೊಂಡರು. ಅಂದು ನಿರ್ಣಯವಾದದ್ದು ದೇವಾಲಯದ ವಿಷಯವೊಂದೇ ಅಲ್ಲ. ಪಾದ್ರಿಯನ್ನು ಕರೆಯಿಸಬಲ್ಲ ಸಭೆಯು ಉಪಾಧ್ಯಾಯನನ್ನೂ ಕರೆಯಿಸಬಲ್ಲದು. ಅದಕ್ಕೆ ಅರಸನ ಮುದ್ರೆಯು ಬೇಡ. ಲೂಥರನು ನಗರಾಧಿಕಾರಿಗಳ ಹೆಗಲಿಗೆ ಏರಿಸಿದ್ದ ಭಾರವು ಹೀಗೆ ಮೂರು ಶತಮಾನಗಳ ಮೇಲೆ ಮಿಸ್ಸೂರಿಯ ಒಕ್ಕಲಿಗರ ಹೆಗಲಿಗೆ ಬಂದಿತು, ಅವರು ಹೊತ್ತರು. 1847ರಲ್ಲಿ ಷಿಕಾಗೋ ನಗರದಲ್ಲಿ ಸಭೆಗಳೆಲ್ಲ ಕೂಡಿ ಮಿಸ್ಸೂರಿ ಸಿನಡ್ ಎಂಬ ಮಹಾಸಂಘವನ್ನು ಕಟ್ಟಿದಾಗ, ಮಕ್ಕಳಿಗೆ ಕ್ರೈಸ್ತ ವಿದ್ಯಾಭ್ಯಾಸದ ಏರ್ಪಾಡನ್ನು ಮಾಡುವುದು ಸದಸ್ಯತ್ವದ ನಿಬಂಧನೆಗಳಲ್ಲಿ ಒಂದಾಗಿ ಸೇರಿತು. 1849ರಲ್ಲಿ ಗುಡಿಸಲಿನ ಕಾಲೇಜು ಸೇಂಟ್ ಲೂಯಿಸಿಗೆ ಹೊರಟುಹೋಯಿತು. ಆದರೆ ಹಳ್ಳಿಗಳ ಸಭಾಶಾಲೆಗಳು ಹಳ್ಳಿಗಳಲ್ಲಿಯೇ ಉಳಿದವು. ಅವುಗಳಿಗೆ ಉಪಾಧ್ಯಾಯರನ್ನು ತರಬೇತು ಮಾಡುವುದಕ್ಕಾಗಿ 1864ರಲ್ಲಿ ಇಲ್ಲಿನಾಯ್ ಸಂಸ್ಥಾನದ ಆ್ಯಡಿಸನ್ನಿನಲ್ಲಿ ಪ್ರತ್ಯೇಕವಾದ ವಿದ್ಯಾಲಯವೂ ನೆಲೆಗೊಂಡಿತು.

ಗುಣವನ್ನು ಹೇಳಿದಮೇಲೆ ದೋಷವನ್ನೂ ಹೇಳದಿದ್ದರೆ ಅದು ಸ್ತೋತ್ರವಾದೀತೇ ಹೊರತು ವಿಚಾರವಾಗದು. ಧರ್ಮವನ್ನೂ ಅದನ್ನು ಹೇಳುವ ಭಾಷೆಯನ್ನೂ ಈ ಜನರು ಒಂದೆಂದೇ ಭಾವಿಸಿದರು. ಜರ್ಮನ್ ಹೋದರೆ ಧರ್ಮವೂ ಹೋಯಿತೆಂಬ ಭಯದಿಂದ, ತಮ್ಮ ಮಕ್ಕಳು ಬಾಳಬೇಕಾದ ನಾಡಿನ ನುಡಿಯನ್ನು ಬಹುಕಾಲ ಹೊರಜಗಲಿಯಲ್ಲಿ ಕುಳ್ಳಿರಿಸಿದರು. 1839ರ ಪಟ್ಟಿಯಲ್ಲಿ ಇಂಗ್ಲಿಷಿಗೆ ಸ್ಥಾನ ಕೊಟ್ಟಿದ್ದ ಹಿರಿಯರ ಔದಾರ್ಯವು ಮುಂದಿನ ತಲೆಮಾರಿನ ಹಳ್ಳಿಶಾಲೆಗಳೆಲ್ಲದರಲ್ಲಿಯೂ ಕಾಣಬರಲಿಲ್ಲ. ಶತ್ರುಗಳು ಬೀಸಿದ ಕೋಲಿಗೆ ಹಿಡಿಯನ್ನು ಮಾಡಿಕೊಟ್ಟವರು ಇವರೇ ಎಂದರೆ ಅತ್ಯುಕ್ತಿಯಾಗದು.

ಆ ಕೋಲು 1889ರಲ್ಲಿ ಎದ್ದಿತು. ವಿಸ್ಕಾನ್ಸಿನ್ ಸಂಸ್ಥಾನದ ಬೆನೆಟ್ ಕಾಯಿದೆಯು ಮಕ್ಕಳ ಹಾಜರಾತಿಯನ್ನು ಕಡ್ಡಾಯ ಮಾಡಿದುದಲ್ಲದೆ, ಓದು, ಬರೆಹ, ಲೆಕ್ಕ, ದೇಶಚರಿತ್ರೆಗಳನ್ನು ಇಂಗ್ಲಿಷಿನಲ್ಲಿ ಕಲಿಸದ ಶಾಲೆಯನ್ನು ಶಾಲೆಯೆಂದೇ ಎಣಿಸಕೂಡದೆಂದು ವಿಧಿಸಿತು. ಇಲ್ಲಿನಾಯಿನಲ್ಲಿಯೂ ಅದೇ ವರ್ಷ ಎಡ್ವರ್ಡ್ಸ್ ಕಾಯಿದೆಯೆಂಬ ಇಂಥದೇ ನಿಬಂಧನೆಯು ಹೊರಟಿತು. ಮಕ್ಕಳನ್ನು ದುಡಿಮೆಗೆ ಹಚ್ಚದೆ ಶಾಲೆಗೆ ಕಳುಹಿಸಬೇಕೆಂಬುದೂ, ದೇಶಭಾಷೆಯನ್ನು ಕಲಿಸಬೇಕೆಂಬುದೂ ಸಾಧುವಾದ ಉದ್ದೇಶಗಳೇ. ಆದರೆ ಅಪರರು ಹೊತ್ತು ಸಾಕಿದ ಶಾಲೆಗೆ ತಾನು ಒಂದು ಕಾಸನ್ನೂ ಕೊಡದೆ ಒಡೆಯನಂತೆ ಆಜ್ಞೆ ಮಾಡಲು ಹೊರಟ ಸರಕಾರಕ್ಕೆ ಜನರು ಉತ್ತರವನ್ನು ಕೊಡದೆ ಬಿಡಲಿಲ್ಲ. ಮೂರು ಶತಮಾನಗಳಿಂದ ಒಬ್ಬರ ಮುಖವನ್ನೊಬ್ಬರು ನೋಡದ ಲೂಥರಪಂಥದವರೂ ಕ್ಯಾಥೊಲಿಕರೂ ಒಂದಾದರು. 1890ರ ಚುನಾವಣೆಯಲ್ಲಿ ವಿಸ್ಕಾನ್ಸಿನ್ನಿನ ಗವರ್ನರ್ ಹೋರ್ಡನು ಸೋತನು. 1891ರಲ್ಲಿ ಬೆನೆಟ್ ಕಾಯಿದೆಯೂ, 1893ರಲ್ಲಿ ಎಡ್ವರ್ಡ್ಸ್ ಕಾಯಿದೆಯೂ ರದ್ದಾದವು.

ಎರಡನೆಯ ಪೆಟ್ಟು ಇದಕ್ಕಿಂತ ಕ್ರೂರವಾದದ್ದು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕವು ಜರ್ಮನಿಗೆ ವಿರೋಧವಾಗಿ ನಿಂತಾಗ, ಜರ್ಮನ್ ನುಡಿಯುವವನೇ ದ್ರೋಹಿಯೆಂಬ ಭ್ರಾಂತಿಯು ಹಬ್ಬಿತು. 1918ರ ಮೇ ತಿಂಗಳಿನಲ್ಲಿ ಐಯೋವಾ ಸಂಸ್ಥಾನದ ಗವರ್ನರ್ ಹಾರ್ಡಿಂಗನು ಶಾಲೆಯಲ್ಲಿ ಮಾತ್ರವಲ್ಲ, ರೈಲಿನಲ್ಲಿಯೂ ಟೆಲಿಫೋನಿನಲ್ಲಿಯೂ ದೇವರ ಪ್ರಾರ್ಥನೆಯಲ್ಲಿಯೂ ಇಂಗ್ಲಿಷಲ್ಲದೆ ಬೇರೆ ಭಾಷೆಯನ್ನು ಆಡಕೂಡದೆಂದು ಘೋಷಣೆಯನ್ನು ಹೊರಡಿಸಿದನು. ಯುದ್ಧವು ನಿಂತಮೇಲೂ ದ್ವೇಷವು ನಿಲ್ಲಲಿಲ್ಲ. 1919ರಲ್ಲಿ ನೆಬ್ರಾಸ್ಕ ಸಂಸ್ಥಾನವು, ಎಂಟನೆಯ ತರಗತಿಯನ್ನು ಮುಗಿಸದ ಮಗುವಿಗೆ ಯಾವ ಪರಭಾಷೆಯನ್ನೂ ಕಲಿಸುವುದು ಅಪರಾಧವೆಂದು ಕಾಯಿದೆ ಮಾಡಿತು. ಆ ಸಂಸ್ಥಾನದ ಹ್ಯಾಮಿಲ್ಟನ್ ಕೌಂಟಿಯ ಹ್ಯಾಂಪ್ಟನ್ ಎಂಬ ಹಳ್ಳಿಯ ಬಳಿ ಜಿಯೋನ್ ಲೂಥರನ್ ಸಭಾಶಾಲೆಯಲ್ಲಿ ರಾಬರ್ಟ್ ಮೆಯರ್ ಎಂಬ ಉಪಾಧ್ಯಾಯನಿದ್ದನು. ಪಾಠದ ವೇಳೆಯಲ್ಲಿ ಕಲಿಸಬಾರದಾದ್ದರಿಂದ, ಮಧ್ಯಾಹ್ನದ ಬಿಡುವಿನ ವೇಳೆಯನ್ನು ಬೆಳೆಯಿಸಿ, ಆ ಹೊತ್ತಿನಲ್ಲಿ ಬೈಬಲ್ ಕಥೆಗಳ ಜರ್ಮನ್ ಪುಸ್ತಕದಿಂದ ಮಕ್ಕಳಿಗೆ ಓದು ಹೇಳಿಕೊಡುತ್ತಿದ್ದನು. 1920ರ ಮೇ 25ರಂದು, ಹತ್ತು ವರ್ಷದ ಬಾಲಕನೊಬ್ಬನಿಗೆ ಓದು ಹೇಳುತ್ತಿದ್ದಾಗ ಕೌಂಟಿಯ ಸರಕಾರಿ ವಕೀಲನು ಒಳಗೆ ಬಂದನು. ಮೆಯರನು ಪಾಠವನ್ನು ನಿಲ್ಲಿಸಲಿಲ್ಲ. ಕೋರ್ಟು ಆತನಿಗೆ 25 ಡಾಲರುಗಳ ದಂಡವನ್ನು ವಿಧಿಸಿತು.

ದಂಡವನ್ನು ತೆತ್ತು ಮನೆಗೆ ಹೋಗಬಹುದಾಗಿತ್ತು. ಹಾಗೆ ಮಾಡದೆ ಆತನೂ ಆತನ ಪಕ್ಷದವರೂ ಮೇಲಣ ಕೋರ್ಟುಗಳಿಗೆ ಹೋದರು. ಐರಿಷ್ ಕುಲದ ಕ್ಯಾಥೊಲಿಕನಾದ ಆರ್ಥರ್ ಮಲ್ಲನ್ನನು ಈ ಲೂಥರನ್ ಉಪಾಧ್ಯಾಯನ ಪರವಾಗಿ ವಾದಿಸಿದನು. ನೆಬ್ರಾಸ್ಕದ ಹಿರಿಯ ನ್ಯಾಯಸ್ಥಾನವು ದಂಡವನ್ನು ಎತ್ತಿಹಿಡಿದರೂ, 1923ರ ಜೂನ್ 4ರಂದು ಅಮೆರಿಕದ ಪರಮೋಚ್ಚ ನ್ಯಾಯಸ್ಥಾನವು ಅದನ್ನು ತಳ್ಳಿಹಾಕಿತು. ಕಲಿಸುವುದು ಉಪಾಧ್ಯಾಯನ ಸ್ವಾತಂತ್ರ್ಯವೆಂದೂ, ತಮ್ಮ ಮಕ್ಕಳಿಗೆ ಕಲಿಸುವಂತೆ ಆತನನ್ನು ಗೊತ್ತುಮಾಡಿಕೊಳ್ಳುವುದು ತಂದೆತಾಯಿಗಳ ಹಕ್ಕೆಂದೂ, ಶಾಂತಿಯ ಕಾಲದಲ್ಲಿ ಇದನ್ನು ಕಿತ್ತುಕೊಳ್ಳುವುದಕ್ಕೆ ಸಂಸ್ಥಾನಕ್ಕೆ ತಕ್ಕ ಕಾರಣವಿಲ್ಲವೆಂದೂ ಏಳು ನ್ಯಾಯಾಧೀಶರು ನಿರ್ಣಯಿಸಿದರು, ಇಬ್ಬರು ಒಪ್ಪಲಿಲ್ಲ.

ಇಲ್ಲಿಗೆ ಕಥೆಯು ಮಂಗಳವಾಯಿತೆಂದು ಎಣಿಸುವವರುಂಟು. ಆದರೆ ಈ ವಿಷಯದ ಮರ್ಮವಿರುವುದು ಮುಂದೆಯೇ. ಹಕ್ಕು ದೊರೆಯಿತು, ಜರ್ಮನ್ ಉಳಿಯಿತೇ? ಉಳಿಯಲಿಲ್ಲ. ಯಾವ ಭಾಷೆಗಾಗಿ ಮೆಯರನು ನಿಂತನೋ ಆ ಭಾಷೆಯು ತೀರ್ಪಿನ ಅನಂತರದ ಒಂದೆರಡು ತಲೆಮಾರುಗಳಲ್ಲಿ ಆ ಶಾಲೆಗಳಿಂದ ಬಹುಮಟ್ಟಿಗೆ ಮಾಯವಾಯಿತು. ಯುದ್ಧಕಾಲದ ದ್ವೇಷವೇ ಅದನ್ನು ಕೊಂದಿತೆಂದು ಪೂರ್ವಪಕ್ಷದವರು ಹೇಳುವರು. ದ್ವೇಷವು ಹೆದರಿಸಿತು, ಅವಸರಪಡಿಸಿತು, ಇದು ಸತ್ಯ. ಆದರೆ ದ್ವೇಷವು ತಣ್ಣಗಾದಮೇಲೆ, ನ್ಯಾಯಸ್ಥಾನವೇ ಬಾಗಿಲನ್ನು ತೆರೆದುಕೊಟ್ಟಮೇಲೆ, ಒಳಗೆ ಬರುವವರು ಏಕೆ ವಿರಳರಾದರು? ಮನೆಯೊಳಗಿನ ಮಾತು ಯುದ್ಧಕ್ಕೆ ಮುಂಚೆಯೇ ಬದಲಾಗತೊಡಗಿತ್ತು. ಮಕ್ಕಳು ಅಂಗಳದಲ್ಲಿ ಇಂಗ್ಲಿಷಿನಲ್ಲಿ ಆಡಿದರು. ದೊಡ್ಡವರಾಗಿ ಇಂಗ್ಲಿಷಿನಲ್ಲಿ ವ್ಯಾಪಾರ ಮಾಡಿದರು. ತಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಜೋಗುಳವನ್ನು ಹಾಡಿದರು. ಮನೆಯು ಹೊರದ ಭಾಷೆಯನ್ನು ಶಾಲೆಯು ಎಷ್ಟು ದಿನ ಹೊತ್ತೀತು?

ಇದಕ್ಕೆ ಪ್ರತಿಯಾಗಿ ಇನ್ನೊಂದನ್ನು ನೋಡಬೇಕು. ಭಾಷೆಯು ಹೋದರೂ ಶಾಲೆಯು ಹೋಗಲಿಲ್ಲ. ಜರ್ಮನ್ ಹೋದರೆ ಧರ್ಮವೂ ಹೋಗುವುದೆಂಬ ಹಿರಿಯರ ಭಯವು ಸುಳ್ಳಾಯಿತು. ಸಭೆಗಳು ಅದೇ ಪ್ರಶ್ನೋತ್ತರಿಯನ್ನು ಇಂಗ್ಲಿಷಿನಲ್ಲಿ ಕಲಿಸಿದವು. ಮಿಸ್ಸೂರಿ ಸಿನಡ್ಡಿನ ಸಭಾಶಾಲೆಗಳು ಇಂದಿಗೂ ಅಮೆರಿಕದಲ್ಲಿ ನಡೆಯುತ್ತಿರುವುವು. ಏಕೆಂದರೆ ಧರ್ಮವನ್ನು ಅವರು ಹೊರುವುದನ್ನು ಬಿಡಲಿಲ್ಲ. ಭಾಷೆಯನ್ನು ಹೊರುವುದನ್ನು ಬಿಟ್ಟರು. ಹೊತ್ತದ್ದು ಉಳಿಯಿತು, ಇಳುಹಿದ್ದು ಹೋಯಿತು. ಎರಡರ ವಿಷಯದಲ್ಲಿಯೂ ಕಾಯಿದೆಯು ನಿಮಿತ್ತಮಾತ್ರವಾಗಿದ್ದಿತು. ಇದೇ ಸಿದ್ಧಾಂತವು: ಶಾಲೆಗೆ ಒಡೆಯರು ಅದನ್ನು ಹೊರುವವರು, ಬೇರೆ ಯಾರೂ ಅಲ್ಲ.

ಈ ಸಿದ್ಧಾಂತವು ಕನ್ನಡನಾಡಿನ ವಿದ್ಯಾವಂತ ಕುಟುಂಬಗಳಿಗೆ ದೂರದ ಕಥೆಯಲ್ಲ. 1994ರ ಏಪ್ರಿಲಿನಲ್ಲಿ ಕರ್ನಾಟಕ ಸರಕಾರವು ಮೊದಲ ನಾಲ್ಕು ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಶಿಕ್ಷಣದ ಮಾಧ್ಯಮವಾಗಿರಬೇಕೆಂದು ಆಜ್ಞೆಯನ್ನು ಮಾಡಿತು. ಬಹುಕಾಲದ ವ್ಯಾಜ್ಯದ ಅನಂತರ, 2014ರ ಮೇ 6ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು, ಮಾಧ್ಯಮವನ್ನು ಆರಿಸಿಕೊಳ್ಳುವ ಹಕ್ಕು ಮಗುವಿನದೂ, ಮಗುವಿನ ಪರವಾಗಿ ತಂದೆತಾಯಿಗಳದೂ ಆಗಿರುವುದರಿಂದ ಸರಕಾರವು ಬಲಾತ್ಕರಿಸಕೂಡದೆಂದು ತೀರ್ಮಾನಿಸಿತು. ಹ್ಯಾಂಪ್ಟನ್ನಿನ ತೀರ್ಪು ಮನೆಯ ನುಡಿಯನ್ನು ಕಲಿಸುವವರಿಗೆ ಜಯವನ್ನು ತಂದಿತು. ಇಲ್ಲಿಯ ತೀರ್ಪು ಮನೆಯ ನುಡಿಯನ್ನು ಬಿಡುವವರಿಗೆ ಜಯವನ್ನು ತಂದಿತು. ಆದರೆ ಎರಡು ತೀರ್ಪುಗಳೂ ಬೀಗದ ಕೈಯನ್ನು ಇಟ್ಟದ್ದು ಒಂದೇ ಸ್ಥಳದಲ್ಲಿ: ಗೃಹಸ್ಥನ ಅಂಗೈಯಲ್ಲಿ.

ಅಂದಿನಿಂದ ಕನ್ನಡದ ಸಭೆಗಳಲ್ಲಿ ನ್ಯಾಯಾಲಯವನ್ನು ದೂರುವುದೂ ಸರಕಾರವನ್ನು ದೂರುವುದೂ ಒಂದು ಪರಿಪಾಠವಾಗಿರುವುದು. ದೂರುವವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಊರಿನ ಕನ್ನಡ ಶಾಲೆಗೆ ಕಳುಹಿಸಿದರು? ಎಷ್ಟು ಮಂದಿ ಆ ಶಾಲೆಯ ಸೋರುವ ಮಾಡಿಗೆ ಒಂದು ಹೆಂಚನ್ನು ಕೊಟ್ಟರು? ವೇದಿಕೆಯ ಮೇಲೆ ಕನ್ನಡದ ಅಳಿವಿಗಾಗಿ ಕಣ್ಣೀರು ಸುರಿಸಿ, ಮನೆಗೆ ಬಂದು ಮೊಮ್ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡುವ ದೇಶಭಕ್ತಿಯನ್ನು ಯಾವ ನ್ಯಾಯಾಲಯವು ತಾನೇ ರಕ್ಷಿಸಬಲ್ಲದು? ಇಂಗ್ಲಿಷನ್ನು ಕಲಿಯಬಾರದೆಂದು ಇದರ ಅರ್ಥವಲ್ಲ. ಆರು ಭಾಷೆಗಳನ್ನು ಕಲಿಸಹೊರಟ ಗುಡಿಸಲಿನ ಕಥೆಯನ್ನು ಕೇಳಿದವರು ಹಾಗೆ ಹೇಳಲಾರರು. ಪರಭಾಷೆಯನ್ನು ಹೊರಗಿಡುವುದು ಸ್ವಭಾಷೆಯನ್ನು ಉಳಿಸುವ ಮಾರ್ಗವಲ್ಲವೆಂಬುದಕ್ಕೆ ಸಾಕ್ಸನಿಯವರ ದೋಷವೇ ನಿದರ್ಶನವು. ಮಕ್ಕಳು ಎಷ್ಟು ಭಾಷೆಗಳನ್ನಾದರೂ ಕಲಿಯಲಿ. ಮನೆಯ ನುಡಿಯನ್ನು ಹೊರುವವರು ಯಾರೆಂಬುದೇ ಪ್ರಶ್ನೆ.

ಸರಕಾರಕ್ಕೆ ಕರ್ತವ್ಯವೇ ಇಲ್ಲವೆಂದು ವಾದಿಸುವುದೂ ಸರಿಯಲ್ಲ. ಬಡವರ ಮಕ್ಕಳಿಗೆ ಶಾಲೆಯನ್ನು ಒದಗಿಸುವುದು ಅದರ ಧರ್ಮ. ಒದಗಿಸಿದ್ದನ್ನು ಕೆಡದಂತೆ ಕಾಯುವುದೂ ಅದರ ಧರ್ಮ. ಆದರೆ ಅರಸರ ದತ್ತಿಯೊಂದನ್ನೇ ನಂಬಿದ್ದ ಅಗ್ರಹಾರಗಳ ವಿದ್ಯೆಯು ಆ ಅರಸರೊಡನೆಯೇ ಅಸ್ತಂಗತವಾದುದನ್ನು ಈ ನಾಡು ಕಂಡಿರುವುದು. ದತ್ತಿಯು ಊರುಗೋಲಾಗಬಹುದು, ಕಾಲಾಗಲಾರದು. ಮನೆ ಗೆದ್ದು ಮಾರು ಗೆಲ್ಲು ಎಂಬುದು ಕನ್ನಡಿಗರದೇ ಗಾದೆ. ಕನ್ನಡ ಶಾಲೆಯನ್ನು ಉಳಿಸಬೇಕೆನ್ನುವ ಕುಟುಂಬಗಳು ಒಂದೊಂದು ಊರಿನಲ್ಲಿ ಹತ್ತು ಹತ್ತು ಸೇರಿ, ಆ ಊರಿನ ಶಾಲೆಯನ್ನು ತಮ್ಮದೆಂದು ಎತ್ತಿಕೊಳ್ಳಲಿ. ಅಲ್ಲಿಯ ಉಪಾಧ್ಯಾಯನ ಸುಖದುಃಖವನ್ನು ವಿಚಾರಿಸಲಿ. ತಮ್ಮ ಮಕ್ಕಳನ್ನೇ ಅಲ್ಲಿ ಮೊದಲು ಕುಳ್ಳಿರಿಸಲಿ. ಜ್ವರದಿಂದ ನಡುಗುವ ಕೈಗಳಿಂದ ದಿಮ್ಮಿಗಳನ್ನು ಹೊತ್ತವರಿಗೆ ಸಾಧ್ಯವಾದದ್ದು ಉಂಡು ಉಟ್ಟು ಸುಖವಾಗಿರುವವರಿಗೆ ಸಾಧ್ಯವಾಗದೆಂದರೆ, ಕೊರತೆಯು ಕಾಯಿದೆಯಲ್ಲಿಲ್ಲವೆಂಬುದು ನಿಶ್ಚಯವು.